ಬತ್ತಿಯಿಲ್ಲದ ಬೆಳಕು

ಬೆಳಕನ್ನು ಬಯಸದ ಜೀವಿ ವಿರಳ. ಆದರೆ ಹಗಲಿನ ಬೆಳಕು ಸಾಲದೆಂದು ಇರುಳಿನಲ್ಲಿಯೂ ಬೆಳಕನ್ನು ಮಾಡಿಕೊಳ್ಳಬೇಕೆಂಬ ಹಂಬಲ ಮನುಷ್ಯನೊಬ್ಬನದೇ. ಮಿಂಚುಹುಳು ತನ್ನ ಬೆಳಕನ್ನು ಹುಟ್ಟಿನಿಂದಲೇ ಪಡೆದು ಬರುತ್ತದೆ. ಮನುಷ್ಯನಾದರೋ ಅದನ್ನು ದುಡಿದು ಸಂಪಾದಿಸಬೇಕು. ಕಾಡಿನ ಕೊಳ್ಳಿಯಿಂದ ಮೊದಲಾದ ಈ ಸಂಪಾದನೆ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿ, ಕಂದೀಲು, ಗ್ಯಾಸ್‌ಲೈಟು, ವಿದ್ಯುದ್ದೀಪಗಳನ್ನು ದಾಟಿ ಇಂದು ಅಂಗೈಯಗಲದ ಗಾಜಿನ ಹಲಗೆಗೆ ಬಂದು ನಿಂತಿದೆ. ಈ ದೀರ್ಘ ಪ್ರಯಾಣದಲ್ಲಿ ಎಣ್ಣೆಗೂ ವಿದ್ಯುತ್ತಿಗೂ ಸಂದ ಗೌರವ ಲೋಹಗಳಿಗೆ ಸಂದಿಲ್ಲ. ಅತ್ಯಲ್ಪ ಪ್ರಮಾಣದಲ್ಲಿ ಬೆರೆತು, ಕಣ್ಣಿಗೆ ಕಾಣದೆ ಇದ್ದು, ಮಂಕಾಗಿ ಮುಗಿದುಹೋಗಬಹುದಾಗಿದ್ದ ಬೆಳಕನ್ನು ಉಜ್ಜ್ವಲಗೊಳಿಸಿದ ಲೋಹಸಂಯುಕ್ತಗಳ ಕಥೆ ತಿಳಿಯತಕ್ಕದ್ದಾಗಿದೆ.

ಬೆಂಗಳೂರಿನಿಂದ ಹಾಸನದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ನೆಲಮಂಗಲಕ್ಕೂ ಕುಣಿಗಲ್ಲಿಗೂ ನಡುವೆ, ಸೋಲೂರು ಎಂಬ ಊರಿದೆ. ಇದು ಮಾಗಡಿಯ ಸೀಮೆ. ರಾಗಿಯ ಹೊಲಗಳಿಗೂ ಸೊಗಡಿನ ಅವರೆಗೂ ಹೆಸರಾದ ನಾಡು. ಶಿವಗಂಗೆಯ ಬೆಟ್ಟ ಇಲ್ಲಿಗೆ ದೂರವಲ್ಲ. ಇಂತಹ ಊರಿನ ಹಳೆಯ ಮನೆಯೊಂದನ್ನು ಹೊಕ್ಕು ನೋಡಿದರೆ ಬೆಳಕಿನ ಇತಿಹಾಸವೆಲ್ಲವೂ ಒಂದೇ ಸೂರಿನ ಕೆಳಗೆ ಕಾಣಸಿಗುತ್ತದೆ. ದೇವರ ಗೂಡಿನಲ್ಲಿ ಹಣತೆ ಇದೆ. ಅಟ್ಟದ ಮೇಲೆ ಗಾಜು ಒಡೆದ ಕಂದೀಲು ಧೂಳು ಹಿಡಿದು ಕುಳಿತಿದೆ. ಪಡಸಾಲೆಯಲ್ಲಿ ಎಲ್‌ಇಡಿ ಬಲ್ಬು ಉರಿಯುತ್ತಿದೆ. ಮೂಲೆಯಲ್ಲಿ ಕುಳಿತ ಮೊಮ್ಮಗನ ಮುಖದ ಮೇಲೆ ಮೊಬೈಲು ಫೋನಿನ ಪರದೆಯ ಬಣ್ಣದ ಬೆಳಕು ಆಡುತ್ತಿದೆ. ಹಣತೆಗೆ ಬತ್ತಿ ಹೊಸೆದು, ಬುಡ್ಡಿಗೆ ಬತ್ತಿ ಕತ್ತರಿಸಿ ಆಯುಷ್ಯ ಕಳೆದ ಅಜ್ಜಿಯೊಬ್ಬಳು ಆ ಪರದೆಯನ್ನು ನೋಡಿ, "ಇದ್ರೊಳಗೆ ಬತ್ತಿ ಎಲ್ಲೈತಪ್ಪಾ?" ಎಂದು ಕೇಳಿದರೆ ಅದು ನಗುವ ಮಾತಲ್ಲ. ಹೊಸ ದೀಪವೊಂದನ್ನು ಕಂಡಾಗ ವಿಜ್ಞಾನಿಯೂ ಕೇಳುವುದು ಇದೇ ಪ್ರಶ್ನೆಯನ್ನು: ಇದರೊಳಗೆ ಬೆಳಗುತ್ತಿರುವ ವಸ್ತು ಯಾವುದು?

ಹಿಂದಿನ ದೀಪಗಳೆಲ್ಲ ಉರಿಯುವ ದೀಪಗಳು. ಬತ್ತಿ ಎಣ್ಣೆಯನ್ನು ಹೀರಿ ಉರಿಯುತ್ತದೆ. ಉರಿಯಲ್ಲಿ ಕಾದ ಮಸಿಯ ಕಣಗಳು ಹಳದಿಯ ಬೆಳಕನ್ನು ಸೂಸುತ್ತವೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಸುತ್ತಲಿನ ಹಳ್ಳಿಗಳು ಅದಕ್ಕಾಗಿ ಮತ್ತೆ ಎಷ್ಟೋ ದಶಕಗಳ ಕಾಲ ಕಾಯಬೇಕಾಯಿತು. ಆದರೆ ಆ ವಿದ್ಯುದ್ದೀಪವೂ ಒಂದು ಬಗೆಯಲ್ಲಿ ಉರಿಯುವ ದೀಪವೇ ಆಗಿತ್ತು. ಗಾಜಿನ ಬುರುಡೆಯೊಳಗಿನ ತಂತಿ ಕಾದು ಕೆಂಡವಾಗಿ, ಕೆಂಡ ಬಿಳುಪೇರಿ ಬೆಳಕು ಬರಬೇಕು. ಹೀಗೆ ವ್ಯಯವಾದ ಶಕ್ತಿಯಲ್ಲಿ ನೂರಕ್ಕೆ ಐದು ಪಾಲಿನಷ್ಟು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತಿತ್ತು. ಉಳಿದುದೆಲ್ಲ ಶಾಖವಾಗಿ ಹೋಗುತ್ತಿತ್ತು. ಬೆಳಕಿಗಾಗಿ ದೀಪ ಹಚ್ಚಿ ಬಿಸಿಯನ್ನು ಪಡೆದಂತಾಯಿತು.

ಬೆಳಕಿನ ವಿಷಯದಲ್ಲಿ ಲೋಹಸಂಯುಕ್ತದ ಮಹಿಮೆಯನ್ನು ನಮ್ಮ ಹಳ್ಳಿಗಳ ಜನ ಮೊದಲು ಕಂಡದ್ದು ಗ್ಯಾಸ್‌ಲೈಟಿನಲ್ಲಿ. ಮದುವೆಯ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ, ಬಯಲಾಟದ ರಂಗದ ಮುಂದೆ ಸುಯ್ಯೆಂದು ಸದ್ದು ಮಾಡುತ್ತ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅದರಲ್ಲಿಯೂ ಉರಿಯುತ್ತಿದ್ದದ್ದು ಬುಡ್ಡಿಯ ಸೀಮೆಎಣ್ಣೆಯೇ. ಆದರೆ ಬುಡ್ಡಿಯ ಬೆಳಕೆಲ್ಲಿ, ಗ್ಯಾಸ್‌ಲೈಟಿನ ಬೆಳಕೆಲ್ಲಿ! ಈ ಅಂತರಕ್ಕೆ ಕಾರಣ ಅದರ ಮ್ಯಾಂಟಲ್ ಎಂಬ ಪುಟ್ಟ ಬಲೆಯ ಚೀಲ. ಆಸ್ಟ್ರಿಯಾ ದೇಶದ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನ ವಿಜ್ಞಾನಿ ಇದನ್ನು ರೂಪಿಸಿದನು. ನೂಲಿನ ಬಲೆಯನ್ನು ಲೋಹಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿ ಉರಿಸಿದರೆ ನೂಲು ಸುಟ್ಟುಹೋಗಿ ಲೋಹಗಳ ಆಕ್ಸೈಡಿನ ಬಲೆ ಉಳಿಯುತ್ತದೆ. ಅದು ಜ್ವಾಲೆಯಲ್ಲಿ ಕಾದು ಬೆಳ್ಳಗೆ ಹೊಳೆಯುತ್ತದೆ. 1891ರ ವೇಳೆಗೆ ವೆಲ್ಸ್‌ಬಾಖ್ ಕಂಡುಕೊಂಡ ಸರಿಯಾದ ಪ್ರಮಾಣ ಹೀಗಿತ್ತು: ಥೋರಿಯಂ ಆಕ್ಸೈಡು 99 ಪಾಲು, ಸೀರಿಯಂ ಆಕ್ಸೈಡು 1 ಪಾಲು. ಬರಿಯ ಥೋರಿಯಂ ಆಕ್ಸೈಡಿನ ಬೆಳಕು ಮಂಕು. ಸೀರಿಯಂ ಒಂದು ಪಾಲಿಗಿಂತ ಬಹಳ ಹೆಚ್ಚಾದರೂ ಬೆಳಕು ಕುಂದುತ್ತದೆ. ಒಂದೇ ಒಂದು ಪಾಲು ಸೇರಿದಾಗ ಇರುಳು ಹಗಲಾಗುತ್ತದೆ.

ಈ ಥೋರಿಯಮ್ಮಿಗೂ ದಕ್ಷಿಣ ಭಾರತಕ್ಕೂ ಹತ್ತಿರದ ನಂಟು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಅಂದಿನ ತಿರುವಾಂಕೂರು ಸಂಸ್ಥಾನದ ಕಡಲತೀರದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜವನ್ನು ಗುರುತಿಸಿದನು. ಥೋರಿಯಂ, ಸೀರಿಯಂ ಎರಡೂ ಅದರಲ್ಲಿವೆ. ಯೂರೋಪಿನ ಬೀದಿದೀಪಗಳ ಬಲೆಗಳಿಗೆ ಬೇಕಾದ ವಸ್ತು ನಮ್ಮ ತೀರದಿಂದ ಹಡಗೇರಿತು. ಮುಂದೆ ಥೋರಿಯಂ ವಿಕಿರಣವನ್ನು ಸೂಸುವ ಧಾತುವೆಂಬ ಕಾರಣದಿಂದ ಹಲವು ದೇಶಗಳಲ್ಲಿ ಅದರ ಬದಲಿಗೆ ಯಿಟ್ರಿಯಂ ಬಳಕೆಗೆ ಬಂದಿತು. ಗ್ಯಾಸ್‌ಲೈಟಿನ ಕಾಲ ಮುಗಿದುಹೋದರೂ ಅದು ಕಲಿಸಿದ ಪಾಠ ಮಾತ್ರ ಉಳಿಯಿತು. ಬೆಳಕಿಗೆ ಬೇಕಾದದ್ದು ವಸ್ತುವಿನ ರಾಶಿಯಲ್ಲ, ಸರಿಯಾದ ವಸ್ತುವಿನ ಸರಿಯಾದ ಹದ ಎಂಬುದೇ ಆ ಪಾಠ.

ಇದೇ ಪಾಠವನ್ನು ಪ್ರಕೃತಿ ಬೆಂಕಿಯ ಹಂಗಿಲ್ಲದೆಯೇ ಮಾಡಿ ತೋರಿಸಿದೆ. ಮಾಣಿಕ್ಯವನ್ನು ನೋಡಿರಿ. ಅದರ ಮೈಯೆಲ್ಲ ಅಲ್ಯೂಮಿನಿಯಂ ಆಕ್ಸೈಡು. ಅದಕ್ಕೆ ತನ್ನದೆಂಬ ಬಣ್ಣವಿಲ್ಲ. ಅದರಲ್ಲಿ ಅಲ್ಲಲ್ಲಿ, ಅತ್ಯಲ್ಪ ಪ್ರಮಾಣದಲ್ಲಿ, ಅಲ್ಯೂಮಿನಿಯಮ್ಮಿನ ಸ್ಥಾನದಲ್ಲಿ ಕ್ರೋಮಿಯಂ ಬಂದು ಕುಳಿತಾಗ ಹರಳು ಕೆಂಪಾಗುತ್ತದೆ. ಅಷ್ಟೇ ಅಲ್ಲ, ಅದರ ಮೇಲೆ ಹಸುರು ಅಥವಾ ನೇರಿಳೆ ಬೆಳಕು ಬಿದ್ದರೆ ಅದನ್ನು ನುಂಗಿ ತನ್ನದೇ ಆದ ಕಡುಗೆಂಪು ಬೆಳಕನ್ನು ಹೊರಸೂಸುತ್ತದೆ. ಇಲ್ಲಿ ಉರಿಯಿಲ್ಲ, ಕಾವಿಲ್ಲ. ಇದು ತಣ್ಣನೆಯ ಬೆಳಕು.

ಈ ತಣ್ಣನೆಯ ಬೆಳಕಿನ ಶೋಧನೆಯಲ್ಲಿ ಬೆಂಗಳೂರಿಗೆ ಒಂದು ಹಿರಿಯ ಸ್ಥಾನವುಂಟು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹರಳುಗಳ ಬೆಳಕು ಅವರನ್ನು ಕೊನೆಯವರೆಗೂ ಸೆಳೆದ ವಿಷಯ. ಅವರ ಪ್ರಯೋಗಶಾಲೆಗೆ 1940ರಲ್ಲಿ ಕೇರಳದ ಪೀರ್‌ಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿ ಎಂಬ ಯುವತಿ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಹೊರಸೂಸುವ ಬೆಳಕನ್ನು ಅಳೆಯುವುದು ಅವರ ಕಾರ್ಯವಾಗಿತ್ತು. ಆ ಬೆಳಕು ಎಷ್ಟು ಕ್ಷೀಣವೆಂದರೆ, ಛಾಯಾಫಲಕದ ಮೇಲೆ ಅದರ ಗುರುತು ಮೂಡಲು ಹದಿನೈದು ಇಪ್ಪತ್ತು ಗಂಟೆಗಳು ಹಿಡಿಯುತ್ತಿದ್ದವು. ಹರಳನ್ನು ದ್ರವರೂಪದ ಗಾಳಿಯ ಕಡುಶೈತ್ಯದಲ್ಲಿಟ್ಟು ಅವರು ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಹೀಗೆ ಪರೀಕ್ಷಿಸಿದರು. 1942ರಿಂದ 1945ರವರೆಗೆ ತಮ್ಮ ಶೋಧನೆಗಳನ್ನು ಲೇಖನಗಳಲ್ಲಿ ಪ್ರಕಟಿಸಿದರು. ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯ ಅವರ ಪ್ರಬಂಧಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಅನ್ನಾ ಮಣಿಯವರು ಅದನ್ನು ಕುರಿತು ಕೊರಗುತ್ತ ಕುಳಿತುಕೊಳ್ಳಲಿಲ್ಲ. ಮುಂದೆ ಹವಾಮಾನ ಇಲಾಖೆಯನ್ನು ಸೇರಿ, ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ಭಾರತದಲ್ಲಿಯೇ ತಯಾರಿಸುವ ಕಾರ್ಯದಲ್ಲಿ ಅಗ್ರಗಣ್ಯರಾದರು. ಕಾಣಲು ಕಷ್ಟವಾದ ಬೆಳಕಿಗಾಗಿ ಇಪ್ಪತ್ತು ಗಂಟೆ ಕಾಯಬಲ್ಲವರಿಗೆ ಮನ್ನಣೆಗಾಗಿ ಕಾಯುವುದು ದೊಡ್ಡ ಮಾತಾಗಿರಲಾರದು.

ಹರಳಿನಲ್ಲಿ ಬೆಳಕನ್ನು ಹೊರಡಿಸಲು ಹೊರಗಿನಿಂದ ಮತ್ತೊಂದು ಬೆಳಕು ಬೀಳಬೇಕು. ಬೆಳಕಿನ ಬದಲು ವಿದ್ಯುತ್ತನ್ನೇ ನೇರವಾಗಿ ಹಾಯಿಸಿ ತಣ್ಣನೆಯ ಬೆಳಕನ್ನು ಪಡೆಯುವಂತಿದ್ದರೆ ಹೇಗೆ? ಇಂದಿನ ಎಲ್‌ಇಡಿ ಬಲ್ಬಿನಲ್ಲಿ ಅಂತಹುದೇ ಕೆಲಸ ನಡೆಯುತ್ತದೆ. ಆದರೆ ಅಲ್ಲಿರುವುದು ಗಡಸಾದ ಹರಳಿನ ಪುಟ್ಟ ಚೂರು. ಅದರ ಬದಲು ಇಂಗಾಲದ ಸಂಯುಕ್ತಗಳನ್ನು ತೆಳುವಾದ ಪದರವಾಗಿ ಬಳಿದು ಬೆಳಗಿಸಿದರೆ ಅದು ಓಎಲ್‌ಇಡಿ ಎನಿಸುತ್ತದೆ. ಮೊದಲಿಗೆ ಸೇರಿದ 'ಓ' ಎಂಬ ಅಕ್ಷರ ಸಾವಯವ ಎಂಬುದನ್ನು ಸೂಚಿಸುತ್ತದೆ. ಹೊಲಕ್ಕೆ ಹಾಕುವ ಸಾವಯವ ಗೊಬ್ಬರದ ಅರ್ಥದಲ್ಲಿ ಅಲ್ಲ; ಇಂಗಾಲವೇ ಮೂಲವಾದ ಅಣುಗಳು ಎಂಬ ರಸಾಯನಶಾಸ್ತ್ರದ ಅರ್ಥದಲ್ಲಿ.

ಇಂತಹ ದೀಪವನ್ನು ಕಡಿಮೆ ವಿದ್ಯುತ್ತಿನಲ್ಲಿ ಚೆನ್ನಾಗಿ ಬೆಳಗಿಸಿ ತೋರಿಸಿದವರು ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬುವರು. ಹಾಂಕಾಂಗಿನಲ್ಲಿ ಹುಟ್ಟಿದ ಟ್ಯಾಂಗರು ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಸಾವಯವ ಪದರಗಳ ಮೇಲೂ ಪ್ರಯೋಗ ಮಾಡಿದ್ದವರು. ಬೆಳಕಿನಿಂದ ವಿದ್ಯುತ್ತು ಬರುವುದಾದರೆ ವಿದ್ಯುತ್ತಿನಿಂದ ಬೆಳಕೇಕೆ ಬರಬಾರದು? ಅವರಿಬ್ಬರೂ 1987ರಲ್ಲಿ ಪ್ರಕಟಿಸಿದ ದೀಪ ಹತ್ತು ವೋಲ್ಟಿಗಿಂತಲೂ ಕಡಿಮೆ ಒತ್ತಡದಲ್ಲಿ ಹಸುರಾಗಿ ಬೆಳಗಿತು. ಅದರ ಪದರಗಳೆರಡೂ ಸೇರಿದರೂ ದಪ್ಪ ಒಂದು ಕೂದಲೆಳೆಯ ಸುಮಾರು ಐನೂರನೆಯ ಒಂದು ಪಾಲು. ಅಲ್ಲಿ ಬೆಳಗಿದ ವಸ್ತುವೂ ಒಂದು ಲೋಹಸಂಯುಕ್ತವೇ. ನಡುವೆ ಅಲ್ಯೂಮಿನಿಯಮ್ಮಿನ ಒಂದು ಪರಮಾಣು. ಅದನ್ನು ಮೂರು ಕಡೆಯಿಂದ ತಬ್ಬಿ ಹಿಡಿದ ಮೂರು ಸಾವಯವ ಅಣುಗಳು. ಅಡುಗೆಮನೆಯಲ್ಲಿ ಪಾತ್ರೆಯಾಗಿ ಬಡತನದ ಗುರುತೆನಿಸಿದ್ದ ಲೋಹ ಹೊಸ ಬೆಳಕಿನ ಹೊಸ್ತಿಲಲ್ಲಿ ನಿಂತಿತು.

ಆದರೆ ಈ ದೀಪದಲ್ಲಿ ದೊಡ್ಡದೊಂದು ಕೊರತೆಯಿತ್ತು. ಅದನ್ನು ತಿಳಿಯಬೇಕಾದರೆ ಬೆಳಕು ಹುಟ್ಟುವ ಬಗೆಯನ್ನು ಸ್ವಲ್ಪ ಅರಿಯಬೇಕು. ಪದರದ ಒಂದು ಕಡೆಯಿಂದ ಎಲೆಕ್ಟ್ರಾನುಗಳು ಒಳಬರುತ್ತವೆ. ಇನ್ನೊಂದು ಕಡೆಯಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ ಅಲ್ಲಿ ತೆರಪುಗಳು ಉಂಟಾಗುತ್ತವೆ. ಇವಕ್ಕೆ ರಂಧ್ರಗಳೆಂದು ಹೆಸರು. ಎಲೆಕ್ಟ್ರಾನು ಮತ್ತು ರಂಧ್ರ ಒಂದೇ ಅಣುವಿನಲ್ಲಿ ಸಂಧಿಸಿದಾಗ ಆ ಅಣು ಉದ್ರಿಕ್ತವಾಗುತ್ತದೆ. ಹಾಗೆ ಮೇಲೇರಿದ ಶಕ್ತಿ ಇಳಿಯುವಾಗ ಬೆಳಕಾಗಿ ಹೊರಬೀಳಬೇಕು. ಆದರೆ ಎಲ್ಲ ಶಕ್ತಿಯೂ ಹಾಗೆ ಇಳಿಯಲಾರದು. ಪ್ರತಿ ಎಲೆಕ್ಟ್ರಾನಿಗೂ ಚನ್ನಪಟ್ಟಣದ ಬುಗುರಿಯಂತೆ ತನ್ನಲ್ಲೇ ತಿರುಗುವ ಗುಣವೊಂದಿದೆ ಎಂದು ಸ್ಥೂಲವಾಗಿ ಭಾವಿಸಬಹುದು. ಎರಡು ಬುಗುರಿಗಳು ಜೊತೆಗೂಡಲು ನಾಲ್ಕು ಬಗೆಗಳಿವೆ. ಅವುಗಳಲ್ಲಿ ಒಂದು ಬಗೆಯ ಜೋಡಿಗೆ ಮಾತ್ರ ಬೆಳಕನ್ನು ಕೂಡಲೇ ಬಿಟ್ಟುಕೊಡಲು ಪ್ರಕೃತಿಯ ಅಪ್ಪಣೆ ಇದೆ. ಉಳಿದ ಮೂರಕ್ಕೆ ಆ ಬಾಗಿಲು ಮುಚ್ಚಿದೆ. ಅವು ತಮ್ಮ ಶಕ್ತಿಯನ್ನು ಹಿಡಿದುಕೊಂಡು ಬಹುಹೊತ್ತು ಕಾದು, ಕೊನೆಗೆ ಅದನ್ನು ಶಾಖವಾಗಿ ಕಳೆದುಕೊಳ್ಳುತ್ತವೆ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ತಂದರೆ ಮೂರು ಕೊಡ ದಾರಿಯಲ್ಲಿಯೇ ಸೋರಿಹೋದಂತೆ! ಈ ನಷ್ಟ ಯಾರ ಕೈತಪ್ಪಿನಿಂದಲೂ ಆದುದಲ್ಲ; ಅಣುವಿನ ನಿಯಮವೇ ಹಾಗಿತ್ತು. ಆದುದರಿಂದ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚನ್ನು ಆಸೆಪಡುವಂತಿಲ್ಲ ಎಂದು ಬಹು ಮಂದಿ ನಂಬಿದ್ದರು.

ಮುಚ್ಚಿದ ಆ ಬಾಗಿಲನ್ನು ತೆರೆದದ್ದು ಭಾರವಾದ ಲೋಹ. ಅಲ್ಯೂಮಿನಿಯಮ್ಮಿನ ಪರಮಾಣು ಸಂಖ್ಯೆ 13, ಪ್ಲಾಟಿನಮ್ಮಿನದು 78. ಇಷ್ಟು ದೊಡ್ಡ ನ್ಯೂಕ್ಲಿಯಸ್ಸಿನ ಬಳಿಯಲ್ಲಿ ಎಲೆಕ್ಟ್ರಾನುಗಳು ಅತಿ ವೇಗದಿಂದ ಚಲಿಸುತ್ತವೆ. ಆಗ ಅವುಗಳ ಚಲನೆಯೂ ಬುಗುರಿಯ ತಿರುಗೂ ಒಂದನ್ನೊಂದು ಪ್ರಭಾವಿಸತೊಡಗುತ್ತವೆ. ಇದರಿಂದ ನಿಷೇಧ ಸಡಿಲವಾಗುತ್ತದೆ. ಬೆಳಕಾಗಲಾರದೆ ಉಳಿದಿದ್ದ ಮೂರು ಪಾಲೂ ಬೆಳಕಾಗಿ ಹರಿಯುತ್ತದೆ. ಮಾರ್ಕ್ ಥಾಂಪ್ಸನ್ ಮತ್ತು ಸ್ಟೀಫನ್ ಫಾರೆಸ್ಟ್ ಎಂಬ ವಿಜ್ಞಾನಿಗಳು ತಮ್ಮ ಸಹೋದ್ಯೋಗಿಗಳೊಂದಿಗೆ 1998ರಲ್ಲಿ ಇದನ್ನು ಪ್ಲಾಟಿನಮ್ಮಿನ ಸಂಯುಕ್ತವೊಂದರಿಂದ ಸಾಧಿಸಿ ಕೆಂಪು ಬೆಳಕನ್ನು ಪಡೆದರು. ಆ ಸಂಯುಕ್ತದ ಸಾವಯವ ಚೌಕಟ್ಟು ನಮಗೆ ಅಪರಿಚಿತವಾದುದಲ್ಲ. ಪಾರ್ಫಿರಿನ್ ಎಂಬ ಆ ಉಂಗುರದ ನಡುವೆ ಕಬ್ಬಿಣ ಕುಳಿತರೆ ಅದು ನಮ್ಮ ರಕ್ತದ ಕೆಂಪಾಗುತ್ತದೆ. ಅದರ ಹತ್ತಿರದ ಸಂಬಂಧಿಯಾದ ಉಂಗುರದಲ್ಲಿ ಮೆಗ್ನೀಸಿಯಂ ಕುಳಿತರೆ ರಾಗಿಯ ಗರಿಯ ಹಸುರಾಗುತ್ತದೆ. ಪ್ಲಾಟಿನಂ ಕುಳಿತಾಗ ಅದು ದೀಪವಾಯಿತು.

ಮರುವರ್ಷವೇ, ಎಂದರೆ 1999ರಲ್ಲಿ, ಪ್ಲಾಟಿನಮ್ಮಿನ ಪಕ್ಕದ ಮನೆಯ ಲೋಹವಾದ ಇರಿಡಿಯಂ ರಂಗಕ್ಕೆ ಬಂದಿತು. ಇದರ ಪರಮಾಣು ಸಂಖ್ಯೆ 77. ಇರಿಡಿಯಮ್ಮಿನ ಒಂದು ಸಂಯುಕ್ತ ಅತ್ಯುಜ್ಜ್ವಲವಾದ ಹಸುರು ಬೆಳಕನ್ನು ಕೊಟ್ಟಿತು. ಸಾಮಾನ್ಯ ಸಾವಯವ ಅಣುಗಳಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಿಂದ ಹಿಡಿದು ಸೆಕೆಂಡುಗಟ್ಟಲೆ ಕಾಯುತ್ತಿದ್ದ ಶಕ್ತಿ ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಸಮಯದಲ್ಲಿ ಬೆಳಕಾಗಿ ಹೊರಬಿದ್ದಿತು. 2001ರ ವೇಳೆಗೆ ಪದರದೊಳಗೆ ಸಂಧಿಸಿದ ಜೋಡಿಗಳಲ್ಲಿ ಬಹುತೇಕ ಎಲ್ಲವನ್ನೂ ಬೆಳಕಾಗಿ ಪರಿವರ್ತಿಸುವುದು ಸಾಧ್ಯವಾಯಿತು. ನಾಲ್ಕು ಕೊಡಗಳೂ ತುಂಬಿ ಮನೆ ಸೇರಿದವು.

ಇರಿಡಿಯಂ ಎಂಬ ಹೆಸರಿಗೂ ಒಂದು ಸ್ವಾರಸ್ಯವಿದೆ. 1803ರಲ್ಲಿ ಸ್ಮಿತ್‌ಸನ್ ಟೆನಂಟ್ ಎಂಬ ಇಂಗ್ಲಿಷ್ ವಿಜ್ಞಾನಿ ಪ್ಲಾಟಿನಮ್ಮಿನ ಅದುರನ್ನು ಆಮ್ಲದಲ್ಲಿ ಕರಗಿಸಿದಾಗ ಕರಗದೆ ಉಳಿದ ಕಪ್ಪು ಗಸಿಯಲ್ಲಿ ಇದನ್ನು ಕಂಡುಹಿಡಿದನು. ಇದರ ಲವಣಗಳು ನಾನಾ ಬಣ್ಣಗಳಲ್ಲಿ ಹೊಳೆದವು. ಆದುದರಿಂದ ಗ್ರೀಕರ ಕಾಮನಬಿಲ್ಲಿನ ದೇವತೆಯಾದ ಐರಿಸಳ ಹೆಸರನ್ನು ಅವನು ಇದಕ್ಕೆ ಇಟ್ಟನು. ಕಸವೆಂದು ಚೆಲ್ಲಬಹುದಾಗಿದ್ದ ಗಸಿಯಿಂದ ಕಾಮನಬಿಲ್ಲಿನ ಹೆಸರಿನ ಲೋಹ ಹುಟ್ಟಿತು. ಸುಮಾರು ಎರಡು ಶತಮಾನಗಳ ತರುವಾಯ ಅದು ಹೆಸರಿಗೆ ತಕ್ಕಂತೆ ಪರದೆಗಳ ಮೇಲೆ ಬಣ್ಣಗಳನ್ನು ಬೆಳಗಿತು. ಇಂದಿನ ಓಎಲ್‌ಇಡಿ ಮೊಬೈಲುಗಳಲ್ಲಿ ಕೆಂಪು ಮತ್ತು ಹಸುರು ಚುಕ್ಕೆಗಳು ಬೆಳಗುವುದು ಸಾಮಾನ್ಯವಾಗಿ ಇಂತಹ ಇರಿಡಿಯಂ ಸಂಯುಕ್ತಗಳಿಂದಲೇ. ಇಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಒಂದು ದೀಪ. ಚಿತ್ರದಲ್ಲಿ ಕತ್ತಲಿರುವ ಕಡೆ ಚುಕ್ಕೆ ಆರಿರುತ್ತದೆ. ಆದುದರಿಂದಲೇ ಅಲ್ಲಿನ ಕಪ್ಪು ನಿಜವಾದ ಕಪ್ಪು.

ಹಾಗಾದರೆ ಪದರದ ತುಂಬ ಇರಿಡಿಯಮ್ಮನ್ನೇ ತುಂಬಿಬಿಡಬಹುದಲ್ಲವೆ? ಇಲ್ಲಿಯೇ ಮ್ಯಾಂಟಲಿನ ಸೀರಿಯಂ ಮತ್ತು ಮಾಣಿಕ್ಯದ ಕ್ರೋಮಿಯಂ ಕಲಿಸಿದ ಪಾಠ ಮತ್ತೆ ಎದುರಾಗುತ್ತದೆ. ಲೋಹದ ಅಣುಗಳು ಒತ್ತೊತ್ತಾಗಿ ಸೇರಿದರೆ ಒಂದರ ಬೆಳಕನ್ನು ಮತ್ತೊಂದು ನಂದಿಸುತ್ತದೆ. ಆದುದರಿಂದ ಪದರದ ಬಹುಭಾಗ ಬೇರೊಂದು ಸಾವಯವ ವಸ್ತುವಿನಿಂದ ಕೂಡಿರುತ್ತದೆ. ಇರಿಡಿಯಮ್ಮಿನ ಸಂಯುಕ್ತ ನೂರಕ್ಕೆ ಕೆಲವೇ ಪಾಲು. ವಿಜ್ಞಾನಿಗಳು ಇವುಗಳನ್ನು ಕರೆಯುವ ಹೆಸರುಗಳು ನಮ್ಮ ಮನೆಮಾತಿನಂತೆಯೇ ಇವೆ. ಇಂಬುಕೊಟ್ಟ ವಸ್ತು ಮನೆಯೊಡೆಯ. ಬೆಳಗುವ ಲೋಹಸಂಯುಕ್ತ ನೆಂಟ. ಒಡೆಯನು ವಿದ್ಯುತ್ತನ್ನು ಬರಮಾಡಿಕೊಂಡು, ತಾನು ಪಡೆದ ಶಕ್ತಿಯನ್ನು ನೆಂಟನಿಗೆ ಒಪ್ಪಿಸುತ್ತಾನೆ; ನೆಂಟನು ಬೆಳಗುತ್ತಾನೆ. ಒಡೆಯನಿಲ್ಲದೆ ನೆಂಟನಿಗೆ ಎಡೆಯಿಲ್ಲ, ನೆಂಟನಿಲ್ಲದೆ ಮನೆಗೆ ಕಳೆಯಿಲ್ಲ. ಕೊಡ ಹಾಲಿಗೆ ಒಂದು ಚಮಚ ಹೆಪ್ಪು ಸಾಕು. ಹೆಪ್ಪು ಹೆಚ್ಚಾದರೆ ಮೊಸರು ಹುಳಿಯುತ್ತದೆ, ಇಲ್ಲವೇ ಇಲ್ಲದಿದ್ದರೆ ಹಾಲು ಕೆಡುತ್ತದೆ. ಬೆಳಕಿನ ಹದವೂ ಹಾಗೆಯೇ. ಸ್ಥೂಲವಾಗಿ ಲೆಕ್ಕ ಹಾಕಿದರೆ, ಒಂದು ಮೊಬೈಲಿನ ಪರದೆಯಲ್ಲಿರುವ ಇರಿಡಿಯಮ್ಮಿನ ತೂಕ ಒಂದು ರಾಗಿಕಾಳಿನ ತೂಕದ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ.

ನೆಂಟನ ಗುಣ ಎಷ್ಟು ಮುಖ್ಯವೋ ಮನೆಯ ಅಚ್ಚುಕಟ್ಟೂ ಅಷ್ಟೇ ಮುಖ್ಯ. ಅಣುಗಳು ಹೇಗೆ ಸಾಲುಗೂಡಿ ನಿಂತಿವೆ ಎಂಬುದರ ಮೇಲೆ ವಿದ್ಯುತ್ತಿನ ಹರಿವು ನಿಂತಿದೆ. ಅಣುಗಳ ಈ ಸಾಲುಗಾರಿಕೆಯ ಶೋಧನೆಯಲ್ಲಿ ಕನ್ನಡನಾಡು ಜಗತ್ತಿಗೆ ದೊಡ್ಡ ಕೊಡುಗೆಯನ್ನು ನೀಡಿದೆ. ರಾಮನ್ನರ ಸೋದರಿಯ ಮಗನಾದ ಎಸ್. ಚಂದ್ರಶೇಖರರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದು, ಅಲ್ಲಿ ದ್ರವಹರಳುಗಳ ಅಧ್ಯಯನವನ್ನು ಆರಂಭಿಸಿದರು. ದ್ರವದಂತೆ ಹರಿಯುವ, ಆದರೆ ಹರಳಿನಂತೆ ಶಿಸ್ತನ್ನೂ ಉಳಿಸಿಕೊಂಡ ವಸ್ತುಗಳಿವು. ಅದುವರೆಗೆ ಕಡ್ಡಿಯಾಕಾರದ 'ಅಣು'ಗಳೇ ದ್ರವಹರಳಾಗಬಲ್ಲವೆಂದು ಭಾವಿಸಲಾಗಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಚಂದ್ರಶೇಖರರು ಸದಾಶಿವ ಮತ್ತು ಸುರೇಶರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ದ್ರವಹರಳಾಗುತ್ತವೆಂದು ತೋರಿಸಿಕೊಟ್ಟರು. ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಈ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. ಕಂಬದ ಉದ್ದಕ್ಕೂ ವಿದ್ಯುತ್ತು ಸರಾಗವಾಗಿ ಹರಿಯಬಲ್ಲದು. ಈ ಕಾರಣದಿಂದ ಸಾವಯವ ದೀಪಗಳಿಗೂ ಸೌರಕೋಶಗಳಿಗೂ ಇವುಗಳನ್ನು ಬಳಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ.

ಚಂದ್ರಶೇಖರರು ನಿವೃತ್ತಿಯ ತರುವಾಯ 1991ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿಸಿದ ದ್ರವಹರಳು ಸಂಶೋಧನಾ ಕೇಂದ್ರ ಇಂದು ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ಬೆಳೆದಿದೆ. ಬೆಂಗಳೂರಿನ ಹೊರವಲಯದ ಶಿವನಪುರದಲ್ಲಿರುವ ಅದರ ಆವರಣಕ್ಕೆ ಅರ್ಕಾವತಿ ಎಂದು ಹೆಸರು. ಅರ್ಕ ಎಂದರೆ ಸೂರ್ಯ. ಶಿವಗಂಗೆಯಲ್ಲಿ ಹುಟ್ಟಿದ ಕುಮುದ್ವತಿ ಹೋಗಿ ಸೇರುವುದು ಈ ಹೆಸರಿನ ಹೊಳೆಯನ್ನೇ. ಸೋಲೂರಿನ ಸೀಮೆಯ ಶಾಲೆಗಳಿಗೆ ಇಂತಹ ಪ್ರಯೋಗಶಾಲೆ ಸಪ್ತಸಾಗರದಾಚೆಯದಲ್ಲ; ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಮರಳಬಹುದಾದಷ್ಟು ಸಮೀಪದಲ್ಲಿದೆ.

ಇಷ್ಟೆಲ್ಲ ಸಾಧನೆಯಾದ ಮೇಲೆ ಇನ್ನು ಮಾಡಲು ಏನೂ ಉಳಿದಿಲ್ಲವೆಂದು ತಿಳಿಯಬಾರದು. ಕೆಂಪು, ಹಸುರು, ನೀಲಿ ಈ ಮೂರು ಸೇರಿದರೆ ತಾನೆ ಎಲ್ಲ ಬಣ್ಣಗಳೂ ಬಿಳುಪೂ ಮೂಡುವುದು? ಕೆಂಪು ಹಸುರುಗಳು ಲೋಹಕ್ಕೆ ಒಲಿದಷ್ಟು ಸುಲಭವಾಗಿ ನೀಲಿ ಒಲಿಯಲಿಲ್ಲ. ನೀಲಿ ಬೆಳಕಿನ ಕಣದಲ್ಲಿ ಶಕ್ತಿ ಹೆಚ್ಚು. ಅದನ್ನು ಹೊರಸೂಸಬೇಕಾದ ಅಣು ಅಷ್ಟು ಶಕ್ತಿಯನ್ನು ತನ್ನೊಳಗೆ ಹೊತ್ತು ನಿಲ್ಲಬೇಕು. ಆ ಭಾರಕ್ಕೆ ಲೋಹವನ್ನು ತಬ್ಬಿ ಹಿಡಿದ ಬಂಧಗಳು ಕಾಲಕ್ರಮದಲ್ಲಿ ಮುರಿಯುತ್ತವೆ. ದೀಪ ಬೇಗನೆ ಮಂಕಾಗುತ್ತದೆ. ಆದುದರಿಂದ ಇಂದಿಗೂ ಬಹುಪಾಲು ಪರದೆಗಳಲ್ಲಿ ನೀಲಿಗೆ ಲೋಹವಿಲ್ಲದ ಹಳೆಯ ಬಗೆಯ ಸಂಯುಕ್ತಗಳನ್ನೇ ಬಳಸುತ್ತಾರೆ. ಅಲ್ಲಿ ಶಕ್ತಿಯ ನಷ್ಟ ಇನ್ನೂ ಪೂರ್ತಿಯಾಗಿ ತಪ್ಪಿಲ್ಲ. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಬಾಳಿಕೆ ಬರುವ ನೀಲಿಗಾಗಿ ಹಗಲಿರುಳು ದುಡಿಯುತ್ತಿವೆ. ಗಾಳಿ ಮತ್ತು ತೇವ ಈ ಪದರಗಳಿಗೆ ಮತ್ತೊಂದು ಶತ್ರು. ಅವು ಒಳನುಗ್ಗದಂತೆ ಗಾಜಿನ ಹೊದಿಕೆಯೊಳಗೆ ಭದ್ರವಾಗಿ ಮುಚ್ಚಬೇಕು. ಗೋಡೆಗೆ ಅಂಟಿಸಬಹುದಾದ, ಕಣ್ಣು ಕುಕ್ಕದ ಮೃದುವಾದ ಬೆಳಕಿನ ಹಾಳೆಗಳನ್ನು ಓಎಲ್‌ಇಡಿಯಿಂದ ಮಾಡಬಹುದಾದರೂ, ಬೆಲೆ ಹೆಚ್ಚಾದುದರಿಂದ ಅವು ಸಾಮಾನ್ಯ ಮನೆಗಳನ್ನು ಇನ್ನೂ ತಲುಪಿಲ್ಲ.

ಇನ್ನೊಂದು ಚಿಂತೆ ಇರಿಡಿಯಮ್ಮಿನ ದೌರ್ಲಭ್ಯ. ಭೂಮಿಯ ಹೊರಪದರದಲ್ಲಿ ಇದು ಅತಿ ವಿರಳವಾದ ಧಾತುಗಳಲ್ಲಿ ಒಂದು. ಆಕಾಶದಿಂದ ಬೀಳುವ ಉಲ್ಕೆಗಳಲ್ಲಿ ಇದರ ಪ್ರಮಾಣ ಹೆಚ್ಚು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಣ್ಣಿನ ತೆಳುಪದರವೊಂದರಲ್ಲಿ ಇರಿಡಿಯಂ ಅಸಾಧಾರಣವಾಗಿ ಹೆಚ್ಚಿರುವುದನ್ನು ಕಂಡು, ಡೈನೋಸಾರುಗಳ ಅಳಿವಿಗೆ ಆಕಾಶದಿಂದ ಬಂದೆರಗಿದ ಬಂಡೆಯೇ ಕಾರಣವೆಂಬ ವಾದವನ್ನು ವಿಜ್ಞಾನಿಗಳು 1980ರಲ್ಲಿ ಮಂಡಿಸಿದರು. ಇಡೀ ಜಗತ್ತಿನ ಗಣಿಗಳಿಂದ ವರ್ಷಕ್ಕೆ ದೊರೆಯುವ ಇರಿಡಿಯಂ ಹತ್ತು ಟನ್ನಿಗೂ ಕಡಿಮೆ. ಅದರಲ್ಲಿ ಹೆಚ್ಚಿನ ಭಾಗ ದಕ್ಷಿಣ ಆಫ್ರಿಕದಲ್ಲಿ ಪ್ಲಾಟಿನಮ್ಮಿನ ಜೊತೆಯಲ್ಲಿ ಸಿಗುತ್ತದೆ. ಒಂದು ಪರದೆಗೆ ಬೇಕಾದದ್ದು ಕಾಳಿನ ಕಣದಷ್ಟಾದರೂ ಪರದೆಗಳು ಕೋಟಿಕೋಟಿ. ಅಲ್ಲದೆ ಪದರವನ್ನು ಬಳಿಯುವಾಗ ಬಹಳಷ್ಟು ವಸ್ತು ಪರದೆಯ ಮೇಲೆ ಕೂರದೆ ಯಂತ್ರದ ಗೋಡೆಗಳಿಗೆ ಅಂಟುತ್ತದೆ. ಆದುದರಿಂದ ತಾಮ್ರದಂತಹ ಸುಲಭಲೋಹಗಳಿಂದ ಇದೇ ಕೆಲಸವನ್ನು ಮಾಡಿಸುವ ಪ್ರಯತ್ನ ನಡೆದಿದೆ. ಜಪಾನಿನ ಕ್ಯೂಷು ವಿಶ್ವವಿದ್ಯಾನಿಲಯದ ಅಡಾಚಿಯವರ ತಂಡ 2012ರಲ್ಲಿ ಲೋಹದ ನೆರವೇ ಇಲ್ಲದೆ ಮೂರು ಪಾಲಿನ ನಷ್ಟವನ್ನು ತುಂಬಿಕೊಳ್ಳುವ ಮತ್ತೊಂದು ಉಪಾಯವನ್ನು ತೋರಿಸಿಕೊಟ್ಟಿತು. ವಿಜ್ಞಾನದಲ್ಲಿ ಯಾವ ನೆಂಟನೂ ಶಾಶ್ವತನಲ್ಲ. ಹೆಚ್ಚು ಯೋಗ್ಯನಾದವನು ಬಂದಾಗ ಮಣೆ ಬಿಟ್ಟುಕೊಡಬೇಕು.

ವಸ್ತುವನ್ನು ಹಿತಮಿತವಾಗಿ ಬಳಸುವ ಹೊಣೆ ಪ್ರಯೋಗಶಾಲೆಯದು ಮಾತ್ರವಲ್ಲ. ಹಿಂದಿನವರು ಬತ್ತಿಯ ಕುಡಿಯನ್ನು ತಗ್ಗಿಸಿ ಎಣ್ಣೆಯನ್ನು ಉಳಿಸುತ್ತಿದ್ದರು. ಓದು ಮುಗಿದ ಮೇಲೆ ದೀಪವನ್ನು ಶಾಂತಗೊಳಿಸುತ್ತಿದ್ದರು. ಎಣ್ಣೆಯ ಬೆಲೆ ಅವರಿಗೆ ಗೊತ್ತಿತ್ತು. ಇಂದಿನ ಪರದೆಯಲ್ಲಿ ಎಣ್ಣೆ ಕಾಣುವುದಿಲ್ಲವಾದುದರಿಂದ ಅದಕ್ಕೆ ಬೆಲೆಯೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಒಡೆದ ಮೊಬೈಲು ಕಸದ ರಾಶಿಯನ್ನು ಸೇರಿದಾಗ, ಭೂಮಿ ಬಹಳ ಜಿಪುಣತನದಿಂದ ಕೊಟ್ಟ ಲೋಹಗಳೂ ಅದರೊಂದಿಗೆ ಮಣ್ಣುಪಾಲಾಗುತ್ತವೆ. ಅಂತಹ ವಸ್ತುಗಳನ್ನು ಸರಿಯಾದ ಸಂಗ್ರಹಕೇಂದ್ರಕ್ಕೆ ಒಪ್ಪಿಸುವುದೂ ಎಣ್ಣೆಯನ್ನು ಉಳಿಸಿದಷ್ಟೇ ವಿವೇಕದ ಕೆಲಸ.

ಸೀರಿಯಂ, ಕ್ರೋಮಿಯಂ, ಇರಿಡಿಯಂ ಇವುಗಳ ಕಥೆಯನ್ನು ಒಟ್ಟಿಗೆ ನೋಡಿದಾಗ ಒಂದು ಸತ್ಯ ಸ್ಪಷ್ಟವಾಗುತ್ತದೆ. ಬೆಳಕು ದೊಡ್ಡ ರಾಶಿಯಿಂದ ಬರಲಿಲ್ಲ. ತಕ್ಕ ಸ್ಥಾನದಲ್ಲಿ ತಕ್ಕಷ್ಟೇ ಇದ್ದ ಅಲ್ಪದಿಂದ ಬಂದಿತು. ಆ ಅಲ್ಪವೂ ಒಂಟಿಯಾಗಿ ಬೆಳಗಲಿಲ್ಲ. ತನಗೆ ಇಂಬುಕೊಟ್ಟವರ ನಡುವೆ ಬೆಳಗಿತು. ಮೂರು ಪಾಲು ನಷ್ಟವಾಗುವುದೇ ನಿಯಮವೆಂದು ಎಲ್ಲರೂ ಒಪ್ಪಿ ಕುಳಿತಿದ್ದರೆ ಆ ನಷ್ಟ ಇಂದಿಗೂ ಮುಂದುವರಿಯುತ್ತಿತ್ತು. ನಿಯಮವನ್ನು ಚೆನ್ನಾಗಿ ಅರಿತವರೇ ಅದರೊಳಗಿನ ದಾರಿಯನ್ನೂ ಕಂಡುಕೊಂಡರು. ಸೋಲೂರಿನಂತಹ ಊರಿನ ಶಾಲೆಯಲ್ಲಿ ಕುಳಿತು ಓದುವ ಬಾಲಕ ಬಾಲಕಿಯರಲ್ಲಿ ಯಾರೋ ಒಬ್ಬರು, ಕೈಯಲ್ಲಿ ಹಿಡಿದ ಪರದೆಯನ್ನು ಬರಿದೆ ನೋಡುತ್ತ ಕೂರದೆ, ಅದರೊಳಗೆ ಬೆಳಗುತ್ತಿರುವುದೇನೆಂದು ಕೇಳುವಂತಾಗಲಿ. ಬಾಳಿಕೆ ಬರುವ ನೀಲಿಯ ದೀಪಕ್ಕಾಗಿ ಜಗತ್ತು ಇನ್ನೂ ಕಾಯುತ್ತಿದೆ.